ಎರಡು ‘ಬೇಡ’ಗಳ ಊರಿನಲ್ಲೊಂದು ಗೋಡೆ

ಸೋಲ್‌ವಿಕ್ ಊರಿನಲ್ಲಿ ಯಾರ ಮನೆಗೆ ಹೋದರೂ ಕಾಫಿ ಸಿಗುತ್ತದೆ. ಆದರೆ ಅದನ್ನು ಕುಡಿಯಬೇಕಾದರೆ ಮೊದಲು ಎರಡು ಸಲ ಬೇಡ ಎನ್ನಬೇಕು. ಮೊದಲನೆಯ ‘ಬೇಡ’ ಮರ್ಯಾದೆಗೆ. ಎರಡನೆಯದು, ಮೊದಲನೆಯದು ಬರೀ ಬಾಯಿಮಾತಲ್ಲ ಎಂದು ತೋರಿಸುವುದಕ್ಕೆ. ಮೂರನೆಯ ಸಲ ಮನೆಯಾಕೆ ಕಪ್ಪನ್ನು ಮುಂದೆ ತಂದು ಕುಕ್ಕಿದಾಗ, “ಹೇಗೂ ಬಗ್ಗಿಸಿಬಿಟ್ಟಿದ್ದೀರಿ, ಅರ್ಧ ಕಪ್ಪು ಇರಲಿ” ಎಂದು ಹೇಳಿ ಮೂರು ಕಪ್ಪು ಕುಡಿಯಬೇಕು. ನಾರ್ವೆಯಿಂದ ಹಡಗು ಹತ್ತಿ ಮಿನ್ನೆಸೋಟದ ಈ ಬಯಲಿಗೆ ಬಂದ ಅಜ್ಜಂದಿರು ಬೈಬಲ್ಲು, ಮರದ ಪೆಟ್ಟಿಗೆಗಳ ಜೊತೆಗೆ ಈ ಪದ್ಧತಿಯನ್ನೂ ತಂದಿದ್ದರು. ಪೆಟ್ಟಿಗೆಗಳಿಗೆ ಹುಳ ಹಿಡಿಯಿತು, ಪದ್ಧತಿಗೆ ಏನೂ ಆಗಲಿಲ್ಲ.

ಈ ಪದ್ಧತಿಯನ್ನು ಮುರಿದವನು ಊರಿನಲ್ಲಿ ಒಬ್ಬನೇ ಒಬ್ಬ: ಕಮ್ಮಾರ ಸಿವರ್ಟ್. ಹದಿನೆಂಟು ವರ್ಷದ ಹಿಂದೆ, ಯುದ್ಧದಿಂದ ಆಗತಾನೇ ಬಂದವನು, ಚರ್ಚಿನ ಕೂಟವೊಂದರಲ್ಲಿ ಮೊದಲನೆಯ ಸಲಕ್ಕೇ ಕೈಚಾಚಿ ಒಂದು ಡೋನಟ್ ತೆಗೆದುಕೊಂಡುಬಿಟ್ಟ. ಹುಡುಗ ಹಸಿದಿದ್ದ ಎಂದು ಅವನ ತಾಯಿ ಮನೆಮನೆಗೆ ಹೋಗಿ ಸಮಜಾಯಿಷಿ ಹೇಳಿ ಬಂದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಈಗಲೂ ಸಿವರ್ಟ್ ಪಕ್ಕದಲ್ಲಿ ಕುಳಿತರೆ ಜನ ತಟ್ಟೆಯನ್ನು ಒಂದು ಗೇಣು ಈಚೆಗೆ ಎಳೆದುಕೊಳ್ಳುತ್ತಾರೆ.

ಸಿವರ್ಟನ ಅಕ್ಕ ರಗ್ನಾಳ ಗಂಡ ಹಾಲ್ವರ್ ಬ್ರೆಕ್ಕೆ ಮಾತ್ರ ಇದಕ್ಕೆ ತೀರಾ ವಿರುದ್ಧ. ಅವನು ಎರಡಲ್ಲ, ನಾಲ್ಕು ಸಲ ಬೇಡ ಎನ್ನುತ್ತಿದ್ದ. “ಜಂಬ ಅನ್ನೋದೇ ಇಲ್ಲದ ಮನುಷ್ಯ ಅಂದರೆ ಹಾಲ್ವರ್” ಎಂದು ಯಾರಾದರೂ ಅಂದರೆ ಅದನ್ನೂ ಅಲ್ಲಗಳೆದು, ಮನೆಗೆ ಬಂದು ಆ ಮಾತನ್ನು ಹೆಂಡತಿಗೆ ಎರಡು ಸಲ ಹೇಳುತ್ತಿದ್ದ. ತನಗೆ ಜಂಬವಿಲ್ಲ ಎಂಬುದೊಂದು ಬಿಟ್ಟರೆ ಅವನಿಗೆ ನಿಜವಾಗಿ ಬೇರೆ ಜಂಬವೇ ಇರಲಿಲ್ಲ.

ಹಾಲ್ವರನದು ಗಾರೆ ಕೆಲಸ. ಊರಿನ ಅರ್ಧ ಮನೆಗಳ ಒಳಗೋಡೆ ಅವನ ಕರಣೆಯಿಂದಲೇ ಆದದ್ದು. ಆದರೆ ಪೇಟೆಯ ಬ್ಯಾಂಕುಗಳು ಬಾಗಿಲು ಹಾಕಿದ ಮೇಲೆ ಮನೆ ಕಟ್ಟಿಸುವವರು ಯಾರೂ ಇಲ್ಲದಾದರು. ಕೈ ಖಾಲಿ ಇದ್ದವರಿಗೆಲ್ಲ ಸರ್ಕಾರ ಊರಿನಲ್ಲೇ ಕೆಲಸ ಹುಟ್ಟಿಸಿ ಕೊಟ್ಟಿತು. ಹೊಸ ಅಂಚೆ ಕಚೇರಿ ಎದ್ದದ್ದು ಹಾಗೆ. ಅದರ ಒಳಗೋಡೆಗೆ ಗಾರೆ ಬಳಿದವನು ಹಾಲ್ವರನೇ. ಅದು ಮುಗಿದ ಮೇಲೆ ಬಳಿಯಲು ಬೇರೆ ಗೋಡೆ ಇರಲಿಲ್ಲ. ಸರ್ಕಾರದವರು ಅವನ ಕೈಗೆ ಸನಿಕೆ ಕೊಟ್ಟು ಅದೇ ಕಚೇರಿಯ ಮುಂದೆ ಚರಂಡಿ ತೋಡಲು ಹಚ್ಚಿದರು.

ಸರ್ಕಾರಿ ಕೆಲಸವೆಂದರೆ ಸನಿಕೆಗೆ ಒರಗಿ ನಿಲ್ಲುವುದು ಎಂದು ಆ ಕಾಲದಲ್ಲಿ ಎಲ್ಲ ಕಡೆ ತಮಾಷೆ. ಪಕ್ಕದ ಊರು ಲಿಂಡ್‌ಹೋಮಿನವರು, ಅಂದರೆ ಸ್ವೀಡನ್ನಿನಿಂದ ಬಂದವರು, ಕಾರಿನಲ್ಲಿ ಹಾದುಹೋಗುವಾಗ ನಿಧಾನ ಮಾಡಿ ನೋಡುತ್ತಿದ್ದರು. ಅದಕ್ಕೇ ಹಾಲ್ವರ್ ಸೊಂಟ ಬಿದ್ದುಹೋಗುವಂತಾದರೂ ಸನಿಕೆಗೆ ಒರಗುತ್ತಿರಲಿಲ್ಲ. ಹಿಂದಿನ ಚಳಿಗಾಲವೆಲ್ಲ ಹೆಪ್ಪುಗಟ್ಟಿದ ಮಣ್ಣನ್ನು ಅಗೆದು ಅವನ ಮಂಡಿಗಳು ಊದಿಕೊಂಡಿದ್ದವು. ಈಗ ಮತ್ತೆ ಅಕ್ಟೋಬರ್ ಬಂದಿತ್ತು.

ಅದೇ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಿಂದ ನೇಥನ್ ಪೆರ್ಲೋವ್ ಎಂಬ ಚಿತ್ರಕಾರ ಬಂದಿಳಿದ. ಕೆಲಸವಿಲ್ಲದ ಚಿತ್ರಕಾರರಿಗೂ ಸರ್ಕಾರ ಕೆಲಸ ಹುಟ್ಟಿಸಿತ್ತು: ಊರೂರಿನ ಸರ್ಕಾರಿ ಗೋಡೆಗಳ ಮೇಲೆ ಆಯಾ ಊರಿನ ಜನರ ಬದುಕನ್ನೇ ಬರೆಯುವುದು. ಪೆರ್ಲೋವ್ ಅಂಚೆ ಕಚೇರಿಯ ಗೋಡೆಯನ್ನು ಅಂಗೈಯಿಂದ ನಿಧಾನವಾಗಿ ಸವರಿದ. ಆ ತುದಿಯಿಂದ ಈ ತುದಿಗೆ ಬಂದು ಇನ್ನೊಮ್ಮೆ ಸವರಿದ. ಆಮೇಲೆ ಪೋಸ್ಟ್ ಮಾಸ್ಟರ್ ಟಾಲೆಫ್ ಮೊಯೆನ್‌ನನ್ನು ಏನೋ ಕೇಳಿದ. ಮೊಯೆನ್ ಕಿಟಕಿಯಿಂದ ಹೊರಗೆ ಚರಂಡಿಯತ್ತ ಬೆರಳು ತೋರಿಸಿದ.

ಪೆರ್ಲೋವ್ ಚರಂಡಿಯ ಅಂಚಿಗೆ ಬಂದು ನಿಂತ. “ಒಳಗಿನ ಗೋಡೆ ನೀವು ಮಾಡಿದ್ದಂತೆ.”

“ನಾನೊಬ್ಬನೇ ಏನಲ್ಲ. ಇಟ್ಟಿಗೆ ಇಟ್ಟೋರು ಚೆನ್ನಾಗಿ ಇಟ್ಟಿದ್ರು” ಎಂದ ಹಾಲ್ವರ್.

“ನನಗೊಬ್ಬ ಗಾರೆಯವನು ಬೇಕು. ಹಸಿ ಗಾರೆ ಮೇಲೇ ಬಣ್ಣ ಹಾಕಬೇಕು. ಬಣ್ಣ ಒಳಗೆ ಇಳಿದು ಗೋಡೆ ಜೊತೆಗೇ ಒಣಗುತ್ತೆ. ದಿನಾ ಬೆಳಿಗ್ಗೆ ಅವತ್ತಿಗೆ ಬೇಕಾದಷ್ಟೇ ಬಳೀಬೇಕು. ಬೇಸಿಗೆ ತನಕ ಕೆಲಸ ಇದೆ, ಒಳಗೇ, ಒಲೆ ಪಕ್ಕದಲ್ಲಿ. ಚರಂಡಿಯಿಂದ ಒಬ್ಬರನ್ನ ತಗೋಬಹುದು ಅಂತ ಸರ್ಕಾರದೋರು ಬರೆದುಕೊಟ್ಟಿದ್ದಾರೆ. ಬರ್ತೀರಾ?”

ಒಲೆ. ಕರಣೆ. ಸುಣ್ಣದ ವಾಸನೆ. ಹಾಲ್ವರನಿಗೆ ಜೀವಮಾನದಲ್ಲಿ ಯಾವುದೂ ಇಷ್ಟು ಬೇಕೆನಿಸಿರಲಿಲ್ಲ. ಹಾಗೆ ಬೇಕೆನಿಸಿದ್ದರಿಂದಲೇ ಇನ್ನೂ ಹೆಚ್ಚು ಮರ್ಯಾದೆಯಿಂದ ಹೇಳಿದ: “ಅಯ್ಯೋ, ನನಗೆಲ್ಲಿ ಬರುತ್ತೆ ಅದೆಲ್ಲ. ನನಗಿಂತ ಚೆನ್ನಾಗಿ ಮಾಡೋರು ಬೇಕಾದಷ್ಟು ಜನ ಇದ್ದಾರೆ.”

ಜಿಲ್ಲೆಯಲ್ಲಿ ಆ ಕೆಲಸ ಬಲ್ಲವನು ಇನ್ನೊಬ್ಬನಿದ್ದ. ಅವನು ಸತ್ತು ನಾಲ್ಕು ವರ್ಷವಾಗಿತ್ತು.

“ಹೌದಾ? ಸರಿ ಹಾಗಾದ್ರೆ. ಕೆಲಸದ ಮಧ್ಯೆ ತೊಂದ್ರೆ ಕೊಟ್ಟೆ” ಎಂದು ಪೆರ್ಲೋವ್ ಹೊರಟೇ ಹೋದ.

ಎರಡನೆಯ ‘ಬೇಡ’ ಹಾಲ್ವರನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅದರ ಹಿಂದೆ ‘ನೀವು ಇಷ್ಟು ಹೇಳ್ತೀರಿ ಅಂದ್ಮೇಲೆ…’ ಎಂಬುದೂ ಸಾಲಿನಲ್ಲಿ ನಿಂತಿತ್ತು. ಕೇಳುವವನೇ ಇಲ್ಲ. ಈಗ ತಿರುಗುತ್ತಾನೆ, ಇನ್ನೇನು ತಿರುಗುತ್ತಾನೆ ಎಂದು ಅವನ ಬೆನ್ನನ್ನೇ ನೋಡುತ್ತ ಹಾಲ್ವರ್ ಅರಿವಿಲ್ಲದೆ ಸನಿಕೆಗೆ ಒರಗಿದ. ಸರಿಯಾಗಿ ಆ ಹೊತ್ತಿಗೇ ಲಿಂಡ್‌ಹೋಮಿನ ಕಾರೊಂದು ಹಾದುಹೋಯಿತು. ಒಳಗಿದ್ದವರು ಎಷ್ಟು ಹೊತ್ತು ನಕ್ಕರೆಂಬುದನ್ನು ಹೇಳುವುದು ಬೇಡ.

ಮನೆಯಲ್ಲಿ ರಗ್ನಾ ಆಲೂಗಡ್ಡೆ ಹೆರೆಯುತ್ತ ವಿಚಾರಣೆ ನಡೆಸಿದಳು.

“ಎಷ್ಟು ಸಲ ಕೇಳಿದ?”

“ಒಂದು.”

“ಆಮೇಲೆ?”

“ಆಮೇಲೆ ಸರಿ ಅಂದ.”

“ಬೇಡ ಅಂದಿದ್ದಕ್ಕೆ ಯಾರಾದ್ರೂ ಸರಿ ಅಂತಾರಾ?”

“ಅವನು ಅಂದ.”

ರಗ್ನಾ ಚಾಕು ಕೆಳಗಿಟ್ಟಳು. “ಪಾಪ, ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿರಬೇಕು. ಇರಲಿ. ನಾಳೆ ಬೆಳಿಗ್ಗೆ ಹೋಗಿ, ನನಗೆ ಆ ಕೆಲಸ ಬೇಕು ಅಂತ ಹೇಳು.”

“ನಾನಾಗೇ ಹೋಗಿ?” ಭಾನುವಾರದ ಪ್ರಾರ್ಥನೆಗೆ ಬನಿಯನ್ನಿನಲ್ಲಿ ಹೋಗು ಎಂದಂತಾಯಿತು ಹಾಲ್ವರನಿಗೆ.

“ಹೋದ ವರ್ಷ ನಿನ್ನ ಮಂಡಿಗೆ ದಿನಾ ಬಿಸಿಬಟ್ಟೆ ಕಟ್ಟಿದೋಳು ನಾನು. ಈ ವರ್ಷ ಚರಂಡಿಗೆ ಇಳಿದ್ರೆ ಎತ್ತೋಕೆ ನಾಲ್ಕು ಜನ ಬೇಕಾಗ್ತಾರೆ. ಅವರೂ ಮೊದಲು ಎರಡು ಸಲ ಬೇಡ ಅಂತಾರೆ.”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರೆ. ಹಾಲ್ವರನಿಗೆ ಜುಟ್ಟು ಹೋಗಲಿ ತಲೆಗೂದಲೇ ಇರಲಿಲ್ಲ, ಮಲ್ಲಿಗೆ ಆ ಸೀಮೆಯಲ್ಲಿ ಬೆಳೆಯುವುದೂ ಇಲ್ಲ. ಆದರೂ ಗಾದೆ ಅವನ ಅಳತೆ ತೆಗೆದು ಹೊಲಿದಂತಿತ್ತು.

“ನಾನು ಕೇಳೋದಿಲ್ಲ” ಎಂದ ಅವನು ಗಂಭೀರವಾಗಿ. “ಆದರೆ ಇನ್ನೆರಡು ಸಲ ಅವನ ಬಾಯಿಂದಲೇ ಕೇಳಿಸದೆ ಬಿಡೋದೂ ಇಲ್ಲ.”

ಮನುಷ್ಯ ಹಟ ಹಿಡಿದರೆ ಬೆಟ್ಟ ಅಗೆಯುತ್ತಾನೆ. ಹಾಲ್ವರ್ ಅಂಚೆಚೀಟಿ ಕೊಳ್ಳತೊಡಗಿದ. ದಿನವೂ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೆಸರು ಬೂಟು ಒರೆಸಿಕೊಂಡು ಒಳಗೆ ಬಂದು ಒಂದೇ ಒಂದು ಚೀಟಿ ಕೊಳ್ಳುವುದು, ಅದನ್ನು ಹಿಡಿದುಕೊಂಡು ಗೋಡೆಯ ಹತ್ತಿರ ನಿಲ್ಲುವುದು.

“ಯಾರಿಗೆ ಕಾಗದ ಬರೀತಿದ್ದೀಯೋ ಹಾಲ್ವರ್?” ಎಂದು ಮೊಯೆನ್ ಕೇಳಿದ.

“ಇನ್ನೂ ಯೋಚನೆ ಮಾಡ್ತಿದ್ದೀನಿ.”

ಗೋಡೆಯ ಬಳಿ ಪೆರ್ಲೋವ್ ಹಲಗೆ ಜೋಡಿಸುತ್ತಿದ್ದ. ಹಾಲ್ವರ್ ಗಾಳಿಗೆ ಹೇಳಿದಂತೆ ಹೇಳಿದ: “ಚಳಿ ಬಂತು.”

“ಹೌದು” ಎಂದ ಪೆರ್ಲೋವ್.

“ಚರಂಡಿಯಲ್ಲಿ ಇನ್ನೂ ಜಾಸ್ತಿ.”

“ಇರಬೇಕು.”

“ಇಲ್ಲಿ ಒಳಗೆ ಬೆಚ್ಚಗಿದೆ.”

“ಒಂದು ಗಳಿಗೆ ಒಲೆ ಹತ್ರ ಕೂತ್ಕೊಳ್ಳಿ ಬೇಕಾದ್ರೆ.”

“ಛೆ ಛೆ, ಬೇಡ.”

“ಸರಿ.”

ಹಾಲ್ವರ್ ಹೊರಗೆ ಬಂದು ತನ್ನ ಹಣೆಯನ್ನು ತಾನೇ ಗಟ್ಟಿಯಾಗಿ ಒತ್ತಿಕೊಂಡ. ನಾಲಿಗೆ ಅವನಿಗಿಂತ ಮುಂಚೆ ಓಡಿಬಿಟ್ಟಿತ್ತು.

ಮೂರನೆಯ ದಿನ ರಗ್ನಾ ಒಂದು ಕೇಕು ಮಾಡಿ ಕೊಟ್ಟು ಕಳಿಸಿದಳು. ಉಪಾಯ ಸರಳವಾಗಿತ್ತು: ಪೆರ್ಲೋವ್ ಬೇಡ ಎನ್ನುತ್ತಾನೆ, ಹಾಲ್ವರ್ ಮೂರು ಸಲ ಒತ್ತಾಯ ಮಾಡುತ್ತಾನೆ, ಹೀಗೆ ಮಾಡುವುದು ಮನುಷ್ಯರ ಕ್ರಮ ಎಂದು ಅವನಿಗೆ ಹೊಳೆಯುತ್ತದೆ. “ಹೆಂಡತಿ ಏನೋ ಮಾಡಿದಾಳೆ, ಅಷ್ಟೇನೂ ಚೆನ್ನಾಗಿಲ್ಲ” ಎಂದು ಹಾಲ್ವರ್ ತಟ್ಟೆ ಚಾಚಿದ. “ಕೊಡಿ ಕೊಡಿ” ಎಂದು ಪೆರ್ಲೋವ್ ನಿಂತಲ್ಲೇ ಮೂರು ತುಂಡು ತಿಂದ. ಕಟ್ಟೊಂದಕ್ಕೆ ಮುದ್ರೆ ಒತ್ತುತ್ತಿದ್ದ ಮೊಯೆನ್‌ನ ಕೈ ಗಾಳಿಯಲ್ಲೇ ನಿಂತಿತು. ಅವನ ನೆನಪು ನೇರ ಸಿವರ್ಟನ ಡೋನಟ್ಟಿಗೆ ಹೋಯಿತೆಂದು ಮುಖವೇ ಹೇಳುತ್ತಿತ್ತು.

ಇತ್ತ ಪೆರ್ಲೋವ್ ಸುಮ್ಮನಿರಲಿಲ್ಲ. ಸಹಾಯಕ್ಕೆ ಬಾ ಎಂದು ಸಿವರ್ಟನನ್ನು ಕೇಳಿದ. ಡೋನಟ್ಟಿನಿಂದ ಬುದ್ಧಿ ಕಲಿತಿದ್ದ ಸಿವರ್ಟ್ ಎಲ್ಲರಿಗಿಂತ ಬಿಗಿಯಾಗಿ ಬೇಡ ಅಂದ. ಚಿತ್ರದಲ್ಲಿ ಹಾಲಿನ ಕ್ಯಾನು ಹಿಡಿದು ನಿಲ್ಲಲು, ಗೋಧಿ ಕಟ್ಟು ಹೊರಲು, ಮಗುವಿಗೆ ಅಕ್ಷರ ಕಲಿಸುವಂತೆ ಕೂರಲು ಊರಿನ ಹಲವರನ್ನು ಕೇಳಿದ. “ನನ್ನ ಮುಖಾನಾ? ಗೋಡೆ ಹಾಳಾಗುತ್ತೆ” ಎಂದಳು ಕ್ಯಾನು ಹಿಡಿಯಬೇಕಾಗಿದ್ದಾಕೆ. “ಪಾದ್ರಿಯಾದವನು ಗೋಡೆ ಮೇಲೆ ಹತ್ತಬಾರದು” ಎಂದರು ಪಾಸ್ಟರ್ ಫ್ಲಾಟೆನ್. ಹನ್ನೊಂದು ಜನರನ್ನು ಕೇಳಿದ, ಹನ್ನೊಂದು ‘ಬೇಡ’ ಎಣಿಸಿಕೊಂಡ. ಆ ಹನ್ನೊಂದು ಜನ ಭಾನುವಾರದ ಬಟ್ಟೆಗೆ ಇಸ್ತ್ರಿ ಹಾಕಿ, ಎರಡನೆಯ ಸಲದ ಬಡಿತಕ್ಕಾಗಿ ಬಾಗಿಲ ಕಡೆ ಕಿವಿಯಿಟ್ಟು ಕುಳಿತಿದ್ದರೆಂಬುದು ಅವನಿಗೆ ಹೇಗೆ ಗೊತ್ತಾಗಬೇಕು?

ಕೊನೆಗೆ ಅವನು ತಾನೇ ಗಾರೆ ಕಲಸಿದ. ಗೋಡೆಯ ಒಂದು ಮೂಲೆಯಲ್ಲಿ ಎರಡು ಮೊಳದಗಲ ಬಳಿದು, ಪ್ರಯೋಗಕ್ಕೆಂದು ಅದರ ಮೇಲೊಂದು ಕುದುರೆ ಬರೆದ. ಕುದುರೆ ಚೆನ್ನಾಗಿಯೇ ಬಂತು. ಮರುದಿನ ಐದನೆಯ ಚೀಟಿ ಕೊಳ್ಳಲು ಬಂದ ಹಾಲ್ವರ್ ಅದನ್ನು ಕಂಡ. ಅವನು ನೋಡಿದ್ದು ಕುದುರೆಯನ್ನಲ್ಲ. ಕುದುರೆಯ ಹೊಟ್ಟೆಯಿಂದ ಬಾಲದ ತನಕ ಹಾವಿನಂತೆ ಹರಿದಿದ್ದ ಬಿರುಕನ್ನು. ಬೆರಳಿನಿಂದ ತಟ್ಟಿದ, ಒಳಗೆ ಟೊಳ್ಳು ಸದ್ದು. ತಾನು ಕೈಯಾರೆ ಸಾಪು ಮಾಡಿದ ಗೋಡೆಯ ಮೇಲೆ ಇಂಥ ಗಾರೆ ನೋಡಿ ಅವನಿಗೆ ಅಳುವೇ ಬಂತು.

ಪೆರ್ಲೋವ್ ಊಟಕ್ಕೆ ಹೋಗಿದ್ದ. ಬಕೆಟ್ಟಿನಲ್ಲಿ ಸುಣ್ಣವಿತ್ತು, ಮರಳಿತ್ತು, ಕರಣೆಯಿತ್ತು. ಹಾಲ್ವರ್ ಒಮ್ಮೆ ಮೊಯೆನ್‌ನತ್ತ ನೋಡಿದ. ಮೊಯೆನ್ ಬೆನ್ನು ತಿರುಗಿಸಿ, ಆಗಲೇ ವಿಂಗಡಿಸಿದ್ದ ಕಾಗದಗಳನ್ನು ಮತ್ತೆ ವಿಂಗಡಿಸತೊಡಗಿದ. ಮುಕ್ಕಾಲು ಗಂಟೆಯಲ್ಲಿ ಬಿರುಕು ಬಿಟ್ಟ ಗಾರೆಯೆಲ್ಲ ನೆಲಕ್ಕೆ ಬಿತ್ತು, ಅದರ ಜಾಗದಲ್ಲಿ ಮೊಟ್ಟೆಯ ಹೊರಮೈಯಂಥ ಹೊಸ ಗಾರೆ ನಿಂತಿತು. ಇದನ್ನು ನೋಡಿದ ಮೇಲೆ ಯಾವ ಚಿತ್ರಕಾರನಾದರೂ ‘ಯಾರಪ್ಪ ಇದನ್ನು ಮಾಡಿದ ಪುಣ್ಯಾತ್ಮ’ ಎಂದು ಹುಡುಕಿಕೊಂಡು ಬರಲೇಬೇಕು. ಅದು ಎರಡನೆಯ ಸಲ ಕೇಳಿದ ಹಾಗೇ ಆಗುತ್ತದೆ. ಹಾಲ್ವರ್ ಹಿಗ್ಗಿನಿಂದ ಚರಂಡಿಗೆ ಇಳಿದ.

ಪೆರ್ಲೋವ್ ಬಂದು ಗೋಡೆಯ ಮುಂದೆ ಬಹಳ ಹೊತ್ತು ನಿಂತ.

“ನನ್ನ ಕುದುರೆ ಎಲ್ಲಿ?” ಎಂದು ಕೇಳಿದ.

“ನಾನು ಕಾಗದ ವಿಂಗಡಿಸ್ತಿದ್ದೆ” ಎಂದ ಮೊಯೆನ್.

ಆ ಸಂಜೆ ಪೆರ್ಲೋವ್ ಸೇಂಟ್ ಪಾಲಿನಲ್ಲಿದ್ದ ಮೇಲಿನ ಕಚೇರಿಗೆ ಒಂದು ಕಾರ್ಡು ಬರೆದು ಹಾಕಿದ. ಮೊಯೆನ್ ಇಪ್ಪತ್ತು ವರ್ಷದಲ್ಲಿ ಯಾರೊಬ್ಬರ ಕಾಗದವನ್ನೂ ಒಡೆದು ಓದಿದವನಲ್ಲ. ಆದರೆ ಕಾರ್ಡಿಗೆ ಒಡೆಯುವುದೇನಿದೆ? ಅದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ, ಹೆಚ್ಚೆಂದರೆ ಸ್ವಲ್ಪ ದೀಪದ ಹತ್ತಿರ ಹಿಡಿಯಬೇಕಾಗುತ್ತದೆ. ಅಂಗಡಿಗಳು ಮುಚ್ಚುವ ಮೊದಲೇ ಅವನು ಸಿವರ್ಟನ ಕಮ್ಮಾರಸಾಲೆಯಲ್ಲಿ ನಿಂತು, ಹಾಲ್ವರನೂ ಸೇರಿ ಏಳು ಜನರ ಮುಂದೆ ಅದನ್ನು ಬಾಯಿಪಾಠ ಒಪ್ಪಿಸಿದ: “ಈ ಊರಿಗೆ ಚಿತ್ರ ಬೇಕಿಲ್ಲ. ಯಾರನ್ನು ಕೇಳಿದರೂ ಬೇಡ ಎನ್ನುತ್ತಾರೆ. ನಾನು ಬರೆದ ಕುದುರೆಯನ್ನೂ ಇಂದು ಕೆರೆದು ಹಾಕಿದರು. ಕೆಲಸವನ್ನು ಲಿಂಡ್‌ಹೋಮಿನ ಕಚೇರಿಗೆ ವರ್ಗಾಯಿಸುವುದು ಉತ್ತಮ.”

ಸಿವರ್ಟ್ ಸುತ್ತಿಗೆ ಕೆಳಗಿಟ್ಟ.

“ಸ್ವೀಡನ್ನಿನೋರಿಗಾ?” ಎಂದ.

“ಅವರು ಮೊದಲ್ನೇ ಸಲಕ್ಕೇ ಹೂಂ ಅಂತಾರೆ. ನಾಚಿಕೆ ಇಲ್ಲದ ಜನ” ಎಂದ ಮೊಯೆನ್.

ಹಾಗಾದರೆ ಪೆರ್ಲೋವನಿಗೆ ಯಾರಾದರೂ ವಿಷಯ ತಿಳಿಸಬೇಕು ಎಂದಾಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? “ಪೋಸ್ಟ್ ಮಾಸ್ಟರೇ ಹೇಳ್ಲಿ” ಎಂದರು. ಮೊಯೆನ್ ಬೇಡಪ್ಪ ಅಂದ. “ಭಾವ, ನೀನು ಹೇಳು” ಎಂದ ಸಿವರ್ಟ್. ಹಾಲ್ವರನೂ ಬೇಡ ಅಂದ. ಇದೇ ರೀತಿ ಎಂಟು ಜನರನ್ನೂ ಒಂದೊಂದು ಸಲ ಕೇಳಿ, ಪದ್ಧತಿಯ ಪ್ರಕಾರ ಎರಡನೆಯ ಸುತ್ತು ಮುಗಿಸುವಷ್ಟರಲ್ಲಿ ಊಟದ ಹೊತ್ತಾಯಿತು. ಮೂರನೆಯ ಸುತ್ತಿಗೆ ಯಾರೂ ಉಳಿಯಲಿಲ್ಲ.

ಹಾಲ್ವರ್ ಮನೆಗೆ ಬಂದು ಊಟದ ಮುಂದೆ ತಲೆ ತಗ್ಗಿಸಿ ಕುಳಿತ. “ಕುದುರೆ ಅಳಿಸಿದ್ದು ನಾನೇ” ಎಂದ.

“ಗೊತ್ತು. ತೋಳಿನ ಮೇಲೆ ಸುಣ್ಣ ಇದೆ” ಎಂದಳು ರಗ್ನಾ.

“ಊರಿನ ಚಿತ್ರ ನನ್ನಿಂದ ಹೋಗುತ್ತೆ. ನನ್ನ ಕೆಲಸ ಹೋದ್ರೆ ಹೋಗ್ಲಿ ಅನ್ಕೊಂಡಿದ್ದೆ. ಇದು ಹಾಗಲ್ಲ.”

ರಗ್ನಾ ಅವನನ್ನು ಬೈಯಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ಭಯವಾಯಿತು. “ಕಾರ್ಡು ನೋಡಿದ ಮೇಲೆ ಸರ್ಕಾರದೋರು ಬಂದು ಸಭೆ ಮಾಡೇ ಮಾಡ್ತಾರೆ. ಅವತ್ತು ಬಾಯಿ ಬಿಡು. ಒಂದೇ ಒಂದು ಮಾತು, ಎರಡು ಅಕ್ಷರ. ನಿನ್ನ ಕೈಲಿ ಆಗುತ್ತೆ.”

ಶನಿವಾರ ಸಭೆ ಎಂದು ಎರಡು ದಿನದಲ್ಲಿ ಸೇಂಟ್ ಪಾಲಿನಿಂದ ಉತ್ತರ ಬಂತು. ಅಲ್ಲಿಯ ತನಕ ಹಾಲ್ವರ್ ಬೆಳಿಗ್ಗೆ ಬೆಳಿಗ್ಗೆ ಕೋಳಿಗೂಡಿಗೆ ಹೋಗಿ ಅಭ್ಯಾಸ ಮಾಡಿದ. “ಬೇಕು” ಎಂದು ಕೋಳಿಗಳಿಗೆ ಹೇಳಿದ. ಕೋಳಿಗಳು ಕತ್ತು ಓರೆಮಾಡಿ ನೋಡಿದವು. ಇನ್ನೊಂದು ಸಲ ಸ್ವಲ್ಪ ಗಟ್ಟಿಯಾಗಿ ಹೇಳಿದ. ಆ ವಾರ ಕೋಳಿಗಳು ಮೊಟ್ಟೆ ಕಡಿಮೆ ಇಟ್ಟವು.

ಸಭೆ ಸೇರಿದ್ದು ಚರ್ಚಿನ ನೆಲಮಾಳಿಗೆಯಲ್ಲಿ. ಸೇಂಟ್ ಪಾಲಿನಿಂದ ಬಂದ ಅಧಿಕಾರಿ ಮಿಸ್ ಹಾರ್ಟಿಗನ್ ಎಂಬಾಕೆ. ತಲೆಯ ಮೇಲೆ ಗಟ್ಟಿ ಟೋಪಿ, ಕೈಯಲ್ಲಿ ಫೈಲು, ನಾಲ್ಕು ಹತ್ತಕ್ಕೆ ವಾಪಸು ರೈಲು. ಕಾಫಿ ಕೊಡಲೇ ಎಂದು ಕೇಳಿದ ಕೂಡಲೇ ಕೊಡಿ ಎಂದು ಒಂದೇ ಗುಟುಕಿಗೆ ಕುಡಿದುಬಿಟ್ಟಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೆರ್ಲೋವ್ ಮೂಲೆಯಲ್ಲಿ ಪೆಟ್ಟಿಗೆ ಕಟ್ಟಿ ಸಿದ್ಧನಾಗಿ ಕುಳಿತಿದ್ದ. ಊರಿಗೆ ಊರೇ ಬೆಂಚುಗಳ ಮೇಲಿತ್ತು. ಚಿತ್ರ ಬೇಕಿಲ್ಲದ ಊರು ಇಷ್ಟೊಂದು ಸಂಖ್ಯೆಯಲ್ಲಿ ಏಕೆ ಬಂದಿದೆ ಎಂದು ಆಕೆ ಯೋಚಿಸಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು.

“ನೇರವಾಗಿ ಕೇಳ್ತೀನಿ” ಎಂದಳು ಮಿಸ್ ಹಾರ್ಟಿಗನ್. “ನಿಮಗೆ ಈ ಚಿತ್ರ ಬೇಕಾ?”

ಪಾಸ್ಟರ್ ಫ್ಲಾಟೆನ್ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು. “ಸರ್ಕಾರದ್ದು ದೊಡ್ಡ ಮನಸ್ಸು. ಆದರೆ ನಮ್ಮದು ಸಣ್ಣ ಊರು, ಸಾಧಾರಣ ಜನ. ಗೋಡೆ ಈಗಿರೋ ಹಾಗೇ ಚೆನ್ನಾಗಿದೆ. ನಮ್ಮಿಂದ ಯಾರಿಗೂ ತೊಂದರೆ ಆಗೋದು ಬೇಡ. ನಮಗಿಂತ ಅಗತ್ಯ ಇರೋ ಊರು ಇನ್ನೆಷ್ಟೋ ಇರುತ್ತೆ.”

ಎಲ್ಲರೂ ತಲೆದೂಗಿದರು. ಅಷ್ಟು ಸೊಗಸಾದ ಮೊದಲನೆಯ ‘ಬೇಡ’ವನ್ನು ಆ ನೆಲಮಾಳಿಗೆ ಹಿಂದೆಂದೂ ಕೇಳಿರಲಿಲ್ಲ. ಒಂದಿಬ್ಬರು ಮುದುಕಿಯರು ಕಣ್ಣನ್ನೂ ಒರೆಸಿಕೊಂಡರು. ಮಿಸ್ ಹಾರ್ಟಿಗನ್ ಅದನ್ನು ಅಕ್ಷರ ಬಿಡದೆ ಬರೆದುಕೊಂಡಳು.

“ಬೇರೆ ಯಾರಾದರೂ ಏನಾದರೂ ಹೇಳೋದಿದೆಯಾ?”

ಬೆಂಚುಗಳಲ್ಲಿ ಪಿಸುಮಾತು ಹರಿದಾಡಿತು.

“ಇದು ಎರಡ್ನೇ ಸಲಾನಾ?” ಎಂದ ಸಿವರ್ಟ್.

“ಅಲ್ಲ. ಬೇರೆ ಯಾರಾದ್ರೂ ಅಂದ್ರೆ ಅದು ಮೊದಲ್ನೇದರ ಬಾಲ” ಎಂದ ಮೊಯೆನ್.

“ಹಾಗಾದ್ರೆ ಈಗ ಬೇಡ ಅನ್ಬೇಕೋ, ಸುಮ್ನಿರಬೇಕೋ?”

“ಸುಮ್ನಿರು. ಪೂರ್ತಿ ಪ್ರಶ್ನೆ ಬರ್ಲಿ.”

ಪೂರ್ತಿ ಪ್ರಶ್ನೆ ಬರಲಿಲ್ಲ. “ಕುದುರೆ ಅಳಿಸಿದ್ದು ಯಾರು ಅಂತಲೂ ಯಾರಿಗೂ ಗೊತ್ತಿಲ್ಲ ಅಂತ ಕಾಣುತ್ತೆ” ಎಂದು ಮಿಸ್ ಹಾರ್ಟಿಗನ್ ಪೆನ್ನಿಗೆ ಮುಚ್ಚಳ ಹಾಕಿದಳು. ಇಡೀ ಊರು ತನ್ನ ತನ್ನ ಬೂಟು ನೋಡಿಕೊಂಡಿತು. ಆಕೆ ಫೈಲಿನ ದಾರ ಕಟ್ಟಿದಳು. ಒಂದು ಗಂಟು. ಎರಡನೆಯ ಗಂಟಿಗೆ ಕೈ ಹಾಕಿದಳು.

ಬೆಂಚು ಕಿರ್ರೆಂದಿತು. ಹಾಲ್ವರ್ ಎದ್ದು ನಿಂತಿದ್ದ.

“ನಾನು” ಎಂದ.

“ಏನು ನೀವು?”

“ಕುದುರೆ ಅಳಿಸಿದ್ದು.”

“ಯಾಕೆ?”

“ಕೆಳಗಿನ ಗಾರೆ ಕೆಟ್ಟದಾಗಿತ್ತು.”

ಮೂಲೆಯಿಂದ ಪೆರ್ಲೋವ್ ಎದ್ದ. “ಕೆಟ್ಟದಾಗಿತ್ತಾ?”

“ತುಂಬಾ ಕೆಟ್ಟದಾಗಿತ್ತು. ಮರಳು ಜಾಸ್ತಿ, ಸುಣ್ಣ ಹದವಾಗಿ ಕಲಸಿರಲಿಲ್ಲ, ಗೋಡೆ ನೆನೆಸದೆ ಬಳಿದಿದ್ರಿ. ಕ್ರಿಸ್‌ಮಸ್ ಹೊತ್ತಿಗೆ ನಿಮ್ಮ ಕುದುರೆ ತಾನೇ ನೆಲಕ್ಕೆ ಇಳಿದಿರೋದು.”

ಆ ಊರಿನಲ್ಲಿ ಒಬ್ಬರ ಕೆಲಸವನ್ನು ಎದುರಿಗೇ ಕೆಟ್ಟದ್ದೆಂದು ಹೇಳಿದವರು ಯಾರೂ ಇರಲಿಲ್ಲ. ಸುಟ್ಟ ಬ್ರೆಡ್ಡಿಗೂ ‘ವಿಶೇಷವಾಗಿದೆ’ ಎನ್ನುವ ಜನ ಅವರು. ಆದರೆ ಹಾಲ್ವರ್ ಇನ್ನೂ ಮುಗಿಸಿರಲಿಲ್ಲ. ಅವನು ಯಾರನ್ನೂ ನೋಡದೆ ಎದುರಿನ ಗೋಡೆಯನ್ನೇ ನೋಡುತ್ತ ಮಾತಾಡಿದ.

“ನಾನು ಬಳಿದಿದ್ದು ಬೀಳಲ್ಲ. ಈ ಜಿಲ್ಲೆಯಲ್ಲಿ ನನ್ನಂಥ ಗಾರೆಯೋನು ಇನ್ನೊಬ್ಬ ಇಲ್ಲ.”

ಅಡುಗೆ ಕಟ್ಟೆಯ ಹತ್ತಿರ ಯಾರದೋ ಕೈಯಿಂದ ಚಮಚ ಬಿತ್ತು. ಅದನ್ನು ಯಾರೂ ಎತ್ತಲಿಲ್ಲ.

“ಆ ಕೆಲಸ ನನಗೆ ಬೇಕು” ಎಂದ ಹಾಲ್ವರ್. “ಚಿತ್ರಾನೂ ಬೇಕು. ಅವತ್ತೇ ಬೇಕಾಗಿತ್ತು. ಬೇಡ ಅಂದಿದ್ದು… ಇಲ್ಲಿ ಎಲ್ಲರೂ ಹಾಗೇ ಅನ್ನೋದು. ಇನ್ನೆರಡು ಸಲ ಕೇಳಿದ್ರೆ ಹೂಂ ಅಂತಿದ್ವಿ. ನೀವು ಕೇಳಲೇ ಇಲ್ಲ.”

ಇಷ್ಟು ಹೇಳಿ ಅವನು ಕುಳಿತುಕೊಳ್ಳಲು ಹೋದ. ಆದರೆ ಮಂಡಿ ಬಗ್ಗಲಿಲ್ಲ, ನಿಂತೇ ಇದ್ದ. ಜೀವಮಾನದಲ್ಲಿ ಅಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ. ಅಷ್ಟು ಹಗುರವೂ ಎಂದೂ ಆಗಿರಲಿಲ್ಲ. ಪಕ್ಕದಲ್ಲಿ ರಗ್ನಾ ನೆಟ್ಟಗೆ ಮುಂದೆ ನೋಡುತ್ತ ಕುಳಿತಿದ್ದಳು. ಮುಖದಲ್ಲಿ ಏನೂ ತೋರಲಿಲ್ಲ, ಅವನ ಕೋಟಿನ ತುದಿಯನ್ನು ಮಾತ್ರ ಗಟ್ಟಿಯಾಗಿ ಹಿಡಿದಿದ್ದಳು.

“ಎಲ್ಲರೂನಾ?” ಎಂದ ಪೆರ್ಲೋವ್ ನಿಧಾನವಾಗಿ. “ನಾನು ಕೇಳಿದ ಆ ಹನ್ನೊಂದು ಜನಾನೂ?”

ಹನ್ನೊಂದು ಜನ ಒಟ್ಟಿಗೆ ಮೇಲ್ಛಾವಣಿ ನೋಡಿದರು. ಆಗಲೇ ಪೆರ್ಲೋವ್ ಗಮನಿಸಿದ್ದು, ಹನ್ನೊಂದೂ ಜನ ಇಸ್ತ್ರಿ ಹಾಕಿದ ಬಟ್ಟೆಯಲ್ಲಿದ್ದರು. ಹಾಲಿನ ಕ್ಯಾನಿನ ಹೆಂಗಸಂತೂ ಕ್ಯಾನನ್ನೂ ತಂದಿದ್ದಳು.

ಅವನು ಮಿಸ್ ಹಾರ್ಟಿಗನ್ ಕಡೆಗೆ ತಿರುಗಿದ. “ಇನ್ನೊಂದು ಸಲ ಕೇಳಿ.”

“ಏನನ್ನ? ಉತ್ತರ ಬರಕೊಂಡಾಯ್ತು. ನನ್ನ ರೈಲು—”

“ಅದನ್ನೇ. ದಯವಿಟ್ಟು.”

ಮಿಸ್ ಹಾರ್ಟಿಗನ್ ಉಸಿರೆಳೆದುಕೊಂಡಳು. “ನಿಮಗೆ ಈ ಚಿತ್ರ ಬೇಕಾ?”

“ಅಯ್ಯೋ, ನಿಮಗೆ ಯಾಕೆ ಸುಮ್ಮನೆ ಶ್ರಮ” ಎಂದರು ಪಾಸ್ಟರ್ ಫ್ಲಾಟೆನ್.

“ನೋಡಿದ್ರಾ?” ಎಂದಳು ಆಕೆ.

“ಇನ್ನೊಂದೇ ಸಲ” ಎಂದ ಪೆರ್ಲೋವ್.

“ಬೇಕಾ, ಬೇಡವಾ?” ಆಕೆಯ ಟೋಪಿ ಸ್ವಲ್ಪ ವಾರೆಯಾಗಿತ್ತು.

ಪಾಸ್ಟರ್ ಫ್ಲಾಟೆನ್ ಬಲಗಡೆ ನೋಡಿದರು, ಎಡಗಡೆ ನೋಡಿದರು. ಹಾಲ್ವರ್ ಇನ್ನೂ ನಿಂತೇ ಇದ್ದುದನ್ನು ನೋಡಿದರು. “ಇಷ್ಟು ಒತ್ತಾಯ ಮಾಡ್ತಿದ್ದೀರಿ ಅಂದ್ಮೇಲೆ ಹೇಗೆ ಬೇಡ ಅನ್ನೋದು” ಎಂದರು. “ಸಣ್ಣದೊಂದು ಇರಲಿ.”

“ಗೋಡೆ ತುಂಬಾ ಇರಲಿ” ಎಂದ ಹಿಂದಿನ ಬೆಂಚಿನಿಂದ ಮೊಯೆನ್.

ಮಿಸ್ ಹಾರ್ಟಿಗನ್ ಫೈಲು ಬಿಚ್ಚಿ, ಮೊದಲು ಬರೆದದ್ದನ್ನು ಉದ್ದಕ್ಕೆ ಗೀಟು ಹೊಡೆದು, ‘ಊರಿನವರು ಒಮ್ಮತದಿಂದ ಒಪ್ಪಿದ್ದಾರೆ’ ಎಂದು ಬರೆದಳು. ಆಮೇಲೆ ಹೆಂಗಸರು ಕಟ್ಟಿಕೊಟ್ಟ ಆಲೂಗಡ್ಡೆ ರೊಟ್ಟಿಯ ಪೊಟ್ಟಣ ಹಿಡಿದು ನಿಲ್ದಾಣಕ್ಕೆ ಓಡಿದಳು. ಪೊಟ್ಟಣ ಬೇಡ ಎಂದು ಒಂದು ಸಲವೂ ಹೇಳಲಿಲ್ಲ. ರೈಲು ಸಿಕ್ಕಿತಂತೆ.

ಜನ ಎದ್ದು ಹೊರಡುವಾಗ ಹಾಲ್ವರನ ಬಳಿ ಯಾರೂ ಸುಳಿಯಲಿಲ್ಲ. ಸೋಲ್‌ವಿಕ್‌ನಲ್ಲಿ ಅದು ಸಿಟ್ಟಿನ ಗುರುತಲ್ಲ. ಜ್ವರದಿಂದ ಎದ್ದವನನ್ನು ಮಾತಾಡಿಸಿ ಆಯಾಸಪಡಿಸಬಾರದಲ್ಲ, ಹಾಗೆ. ಸಿವರ್ಟ್ ಒಬ್ಬ ಬಂದು ಅವನ ಕೈ ಹಿಡಿದು ಬಹಳ ಹೊತ್ತು ಕುಲುಕಿದ.

“ದೇವರು ನಿನ್ನ ಚೆನ್ನಾಗಿಟ್ಟಿರಲಿ ಭಾವ” ಎಂದ. “ಇವತ್ತಿಂದ ನನ್ನ ಡೋನಟ್ಟಿನ ಮಾತು ಯಾರೂ ಎತ್ತಲ್ಲ.”

ಸೋಮವಾರ ಬೆಳಿಗ್ಗೆ ಪೆರ್ಲೋವ್ ಬರುವ ಮೊದಲೇ ಹಾಲ್ವರ್ ಗೋಡೆಯ ಮುಂದೆ ಇದ್ದ. ಗೋಡೆಗೆ ನೀರು ಹೊಡೆದು ನೆನೆಸಿದ, ಚೆನ್ನಾಗಿ ಅರಳಿದ ಹಳೆಯ ಸುಣ್ಣವನ್ನು ಹದಕ್ಕೆ ಕಲಸಿದ, ಮೇಲಿನ ಮೂಲೆಯಿಂದ ಆ ದಿನಕ್ಕೆ ಬೇಕಾದಷ್ಟು ಬಳಿದ. ಹೊರಗೆ ಮೊದಲ ಹಿಮ ಬೀಳುತ್ತಿತ್ತು. ಚರಂಡಿಯವರು ಬೆಂಕಿ ಹಾಕಿಕೊಂಡು ಕೈ ಕಾಯಿಸುತ್ತಿದ್ದರು. ಅವರನ್ನು ನೋಡಿ ಹಾಲ್ವರ್ ಕರಣೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ.

ಪೆರ್ಲೋವ್ ಬಂದು ಕುಂಚ ಅದ್ದಿ ಮೊದಲನೆಯ ಗೆರೆ ಎಳೆದ. ಬಣ್ಣ ಗಾರೆಯೊಳಗೆ ಸದ್ದಿಲ್ಲದೆ ಇಳಿಯಿತು. ಅವನು ಕುಂಚ ಎತ್ತಿ ಹಿಂದೆ ಸರಿದು ನೋಡಿದ.

“ನಾನು ಹತ್ತು ವರ್ಷದಿಂದ ಗೋಡೆ ಮೇಲೆ ಬರೀತಿದ್ದೀನಿ” ಎಂದ. “ಇಷ್ಟು ಒಳ್ಳೇ ಗೋಡೆ ಸಿಕ್ಕಿದ್ದು ಇದೇ ಮೊದಲು.”

ಚೀಟಿ ಮಾರುವ ಕಿಟಕಿಯ ಹಿಂದೆ ಮೊಯೆನ್ ಮುದ್ರೆ ಒತ್ತುವುದನ್ನು ನಿಲ್ಲಿಸಿದ. ಚೀಟಿ ಕೊಳ್ಳಲು ಬಂದಿದ್ದ ಇಬ್ಬರು ಹೆಂಗಸರು ಉಸಿರು ಬಿಗಿಹಿಡಿದರು. ಹೊಗಳಿಕೆಯನ್ನು ಎಷ್ಟು ಸಲ ಅಲ್ಲಗಳೆಯಬೇಕೆಂಬುದಕ್ಕೂ ಊರಿನಲ್ಲಿ ಲೆಕ್ಕವಿತ್ತು, ಅದು ಕಾಫಿಗಿಂತ ಒಂದು ಹೆಚ್ಚು. ಹಾಲ್ವರನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಅವನು ಗೋಡೆಯನ್ನು ನೋಡಿದ. ಬಿರುಕಿಲ್ಲ, ಉಬ್ಬಿಲ್ಲ, ಒಂದು ಬೆರಳ ಗುರುತೂ ಇಲ್ಲ; ಹಸಿಯಾಗಿ, ತಣ್ಣಗೆ, ಮೂಲೆಯಿಂದ ಮೂಲೆಗೆ ಸಮನಾಗಿ ಹೊಳೆಯುತ್ತಿತ್ತು.

“ಹೌದು” ಎಂದ ಹಾಲ್ವರ್. “ಬೇಗ ಬರೀರಿ, ಮಧ್ಯಾಹ್ನದ ಹೊತ್ತಿಗೆ ಒಣಗುತ್ತೆ.”